ಇವಿ ಓಡಿಸಿದರೆ ಮಂಗಳೂರಿನ ಹೊಗೆ ಎಲ್ಲೂರಿಗೆ ಹೋಗುತ್ತದೆಯೇ? ಕಾವೂರಿನ ಒಂದು ಸ್ಕೂಟರ್‌ನ ಲೆಕ್ಕ

ಎಲೆಕ್ಟ್ರಿಕ್ ವಾಹನಗಳ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಬೇರೆ ಬೇರೆ ರೂಪದಲ್ಲಿ ಹರಿದಾಡುತ್ತಲೇ ಇರುತ್ತದೆ. ಅದರ ಸಾರ ಇಷ್ಟು: ಇವಿಗೆ ಕರೆಂಟ್ ಬೇಕು, ಕರೆಂಟ್ ಬರುವುದು ಕಲ್ಲಿದ್ದಲು ಸುಟ್ಟು, ಬ್ಯಾಟರಿ ತಯಾರಿಸಲು ಇನ್ನೂ ಹೆಚ್ಚು ಹೊಗೆ, ಆದ್ದರಿಂದ ಪೆಟ್ರೋಲ್ ಗಾಡಿಯೇ ವಾಸಿ. ಕರಾವಳಿಯ ಗ್ರೂಪ್‌ಗಳಿಗೆ ಬರುವಾಗ ಇದಕ್ಕೆ ಒಂದು ಸಾಲು ಸೇರಿಕೊಳ್ಳುತ್ತದೆ: "ಮಂಗಳೂರಿನ ಹೊಗೆ ಎಲ್ಲೂರಿಗೆ ಹೋಗುತ್ತೆ, ಅಷ್ಟೇ."

ಮಂಗಳೂರಿನ ಕಾವೂರಿನ ಓದುಗರೊಬ್ಬರು ಈ ಸಂದೇಶವನ್ನು ನಮಗೆ ಕಳಿಸಿದರು. ಅವರು ಕೂಳೂರು ದಾಟಿ ಬೈಕಂಪಾಡಿಗೆ ದಿನವೂ ಕೆಲಸಕ್ಕೆ ಹೋಗುತ್ತಾರೆ. ಮಗಳ ಟ್ಯೂಷನ್, ಅಂಗಡಿ ಎಲ್ಲ ಸೇರಿ ದಿನಕ್ಕೆ ಸುಮಾರು 25 ಕಿಲೋಮೀಟರ್ ಓಡಾಟ. ಹಳೆಯ ಸ್ಕೂಟರ್ ಕೈಕೊಡುತ್ತಿದೆ, ಸಾಲ ಮಾಡಿ ಹೊಸದು ತೆಗೆದುಕೊಳ್ಳಬೇಕು. ಅವರ ಪ್ರಶ್ನೆ ನೇರವಾಗಿತ್ತು: "ನನ್ನ ತವರುಮನೆ ಇರುವುದೇ ಎಲ್ಲೂರಿನ ಹತ್ತಿರ. ಇವಿ ತೆಗೆದುಕೊಂಡರೆ ನನ್ನ ಗಾಡಿಯ ಹೊಗೆಯನ್ನು ಅಮ್ಮನ ಅಂಗಳಕ್ಕೆ ಕಳಿಸಿದ ಹಾಗಾಗುವುದಿಲ್ಲವಾ?"

ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಹಾಗಾಗಿ ಒಂದೊಂದೇ ಹೆಜ್ಜೆ ಲೆಕ್ಕ ಹಾಕಿ ನೋಡೋಣ.

ಕಾವೂರಿಗೆ ಕರೆಂಟ್ ಎಲ್ಲಿಂದ ಬರುತ್ತದೆ?

ಕಾವೂರಿನಲ್ಲಿ ಕೆಪಿಟಿಸಿಎಲ್‌ನ 220 ಕಿಲೋವೋಲ್ಟ್ ವಿದ್ಯುತ್ ಸ್ವೀಕರಣಾ ಕೇಂದ್ರವಿದೆ. ದೂರದಿಂದ ಎತ್ತರದ ಟವರ್‌ಗಳ ಮೇಲೆ ಬರುವ ವಿದ್ಯುತ್ತಿನ ಒತ್ತಡವನ್ನು ಇಲ್ಲಿ ಇಳಿಸಲಾಗುತ್ತದೆ. ಅಲ್ಲಿಂದ ಮುಂದೆ ಅದನ್ನು ನಮ್ಮ ಮನೆಗಳಿಗೆ ಹಂಚುವುದು ಮೆಸ್ಕಾಂ.

ಆದರೆ ಈ ಕೇಂದ್ರಕ್ಕೆ ಬರುವ ಕರೆಂಟ್ ಯಾವುದೋ ಒಂದೇ ಸ್ಥಾವರದ್ದಲ್ಲ. ವಿದ್ಯುತ್ ಜಾಲವನ್ನು ಒಂದು ದೊಡ್ಡ ಕೆರೆ ಎಂದುಕೊಳ್ಳಿ. ಹತ್ತಾರು ತೋಡುಗಳು ಬಂದು ಕೆರೆಗೆ ಸೇರುತ್ತವೆ. ನೀವು ತುಂಬಿಸಿದ ಕೊಡದಲ್ಲಿ ಯಾವ ತೋಡಿನ ನೀರಿದೆ ಎಂದು ಹೇಳಲು ಬರುವುದಿಲ್ಲ. ಕೆರೆಯಲ್ಲಿ ಇರುವ ಮಿಶ್ರಣವೇ ನಿಮ್ಮ ಕೊಡದಲ್ಲೂ ಇರುತ್ತದೆ.

ಕರ್ನಾಟಕದ ಕೆರೆಗೆ ಸೇರುವ ಮುಖ್ಯ ತೋಡುಗಳು ಇವು:

- ಜಲವಿದ್ಯುತ್: ಶರಾವತಿ (1,035 ಮೆಗಾವ್ಯಾಟ್), ಉಡುಪಿ ಜಿಲ್ಲೆಯ ಹೊಸಂಗಡಿಯಲ್ಲಿರುವ ವಾರಾಹಿ (460 ಮೆಗಾವ್ಯಾಟ್), ಕಾಳಿ ನದಿಯ ಸ್ಥಾವರಗಳು
- ಸೌರ: ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ (2,050 ಮೆಗಾವ್ಯಾಟ್) ಮತ್ತು ಇತರೆಡೆಯ ಘಟಕಗಳು
- ಪವನ: ಚಿತ್ರದುರ್ಗ, ಗದಗ ಮುಂತಾದ ಜಿಲ್ಲೆಗಳ ಗಾಳಿಯಂತ್ರಗಳು
- ಪರಮಾಣು: ಕೈಗಾ (880 ಮೆಗಾವ್ಯಾಟ್)
- ಕಲ್ಲಿದ್ದಲು: ರಾಯಚೂರು (1,720 ಮೆಗಾವ್ಯಾಟ್), ಬಳ್ಳಾರಿ (1,700 ಮೆಗಾವ್ಯಾಟ್), ಯರಮರಸ್ (1,600 ಮೆಗಾವ್ಯಾಟ್) ಮತ್ತು ನಮ್ಮ ಎಲ್ಲೂರು (1,200 ಮೆಗಾವ್ಯಾಟ್)

ಅಂದರೆ "ಕರೆಂಟ್ ಎಂದರೆ ಬರೀ ಕಲ್ಲಿದ್ದಲು" ಎಂಬ ಮಾತು ಕರ್ನಾಟಕದ ಮಟ್ಟಿಗೆ ತಪ್ಪು. ರಾಜ್ಯದ ಉತ್ಪಾದನಾ ಸಾಮರ್ಥ್ಯದಲ್ಲಿ ನೀರು, ಬಿಸಿಲು, ಗಾಳಿಯ ಪಾಲು ಅರ್ಧಕ್ಕಿಂತ ಹೆಚ್ಚು.

ಇಲ್ಲೊಂದು ಎಚ್ಚರಿಕೆ ಬೇಕು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಪಾವಗಡದ 2,050 ಮೆಗಾವ್ಯಾಟ್ ರಾತ್ರಿ ಸೊನ್ನೆ. ಮುಂಗಾರು ಕೈಕೊಟ್ಟ 2023ರಲ್ಲಿ ಜಲಾಶಯಗಳು ತುಂಬದೆ ಜಲವಿದ್ಯುತ್ ಕಡಿಮೆಯಾಯಿತು, ರಾಜ್ಯ ವಿದ್ಯುತ್ ಕೊರತೆ ಎದುರಿಸಿತು. ಅಂಥ ವರ್ಷಗಳಲ್ಲಿ ಕಲ್ಲಿದ್ದಲಿನ ಪಾಲು ಏರುತ್ತದೆ. ಇಡೀ ದೇಶದ ಲೆಕ್ಕ ತೆಗೆದುಕೊಂಡರಂತೂ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದ್ದೇ.

ಹಾಗಾಗಿ ನಾವು ಇವಿಗೆ ಅನುಕೂಲವಾಗುವ ಕರ್ನಾಟಕದ ಲೆಕ್ಕ ಬಿಟ್ಟು, ದೇಶದ ಸರಾಸರಿಯನ್ನೇ ಹಿಡಿದು ಮುಂದೆ ಹೋಗೋಣ.

ಒಂದು ಕಿಲೋಮೀಟರ್‌ಗೆ ಎಷ್ಟು ಹೊಗೆ?

ಪೆಟ್ರೋಲ್ ಸ್ಕೂಟರ್: ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 45 ಕಿಲೋಮೀಟರ್ ಮೈಲೇಜ್ ಎಂದರೆ ಕಿಲೋಮೀಟರ್‌ಗೆ 51 ಗ್ರಾಂ. ಇದು ಸೈಲೆನ್ಸರ್‌ನಿಂದ ಬರುವುದು ಮಾತ್ರ. ಕಚ್ಚಾತೈಲ ತೆಗೆದು, ಹಡಗಿನಲ್ಲಿ ತಂದು, ಸಂಸ್ಕರಿಸಿ, ಬಂಕ್‌ಗೆ ತಲುಪಿಸುವ ಹೊಗೆಗೆ ಶೇ. 20ರಷ್ಟು ಸೇರಿಸಿದರೆ ಸುಮಾರು 60 ಗ್ರಾಂ.

ಎಲೆಕ್ಟ್ರಿಕ್ ಸ್ಕೂಟರ್: ಚಾರ್ಜಿಂಗ್‌ನಲ್ಲಿ ಆಗುವ ನಷ್ಟ ಸೇರಿಸಿ ಒಂದು ಕಿಲೋಮೀಟರ್‌ಗೆ ಪ್ಲಗ್‌ನಿಂದ ಸುಮಾರು 35 ವ್ಯಾಟ್-ಅವರ್ ಬೇಕು. ಅಂದರೆ ಒಂದು ಯೂನಿಟ್‌ಗೆ 28 ಕಿಲೋಮೀಟರ್. ಸ್ಥಾವರದಿಂದ ಕಾವೂರಿನ ಮನೆಯವರೆಗೆ ತಂತಿಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಸ್ಥಾವರದಲ್ಲಿ ಸುಮಾರು 41 ವ್ಯಾಟ್-ಅವರ್ ಉತ್ಪಾದನೆಯಾಗಬೇಕು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ಜಾಲದ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡ್. ಕಲ್ಲಿದ್ದಲು ಅಗೆದು ಸಾಗಿಸುವುದಕ್ಕೆ ಶೇ. 10 ಸೇರಿಸೋಣ. ಒಟ್ಟು ಕಿಲೋಮೀಟರ್‌ಗೆ ಸುಮಾರು 33 ಗ್ರಾಂ.

60 ಎಲ್ಲಿ, 33 ಎಲ್ಲಿ! ಹೆಚ್ಚುಕಡಿಮೆ ಅರ್ಧ.

ಈಗ ಫಾರ್ವರ್ಡ್ ಹೇಳುವುದನ್ನೇ ಪೂರ್ತಿ ಒಪ್ಪಿಕೊಳ್ಳೋಣ. ಈ ಸ್ಕೂಟರ್‌ಗೆ ಬರುವ ಕರೆಂಟ್ ನೂರಕ್ಕೆ ನೂರು ಕಲ್ಲಿದ್ದಲಿನದ್ದೇ ಎಂದುಕೊಳ್ಳೋಣ. ಆಗ ಒಂದು ಯೂನಿಟ್‌ಗೆ ಸುಮಾರು 0.95 ಕಿಲೋ. ಕಿಲೋಮೀಟರ್‌ಗೆ 43 ಗ್ರಾಂ ಆಗುತ್ತದೆ. ಆಗಲೂ 60ಕ್ಕಿಂತ ಕಡಿಮೆ!

ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ನಿಮ್ಮದು ಲೀಟರಿಗೆ 60 ಕಿಲೋಮೀಟರ್ ಕೊಡುವ ಬೈಕ್ ಆಗಿದ್ದರೆ, ಅದರ ಲೆಕ್ಕ 46 ಗ್ರಾಂ. ಬರೀ ಕಲ್ಲಿದ್ದಲಿನ ಕರೆಂಟ್‌ನಲ್ಲಿ ಓಡುವ ಇವಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇವಿಯ ಲಾಭ ದೊಡ್ಡದಾಗುವುದು ಜಾಲದಲ್ಲಿ ನೀರು, ಬಿಸಿಲು, ಗಾಳಿಯ ಪಾಲು ಹೆಚ್ಚಾದಾಗ ಮಾತ್ರ.

ಕಲ್ಲಿದ್ದಲು ಸುಟ್ಟರೂ ಇವಿ ಹಿಂದೆ ಬೀಳದಿರಲು ಕಾರಣವೇನು?

ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಓಡಿಸಿ ನಿಲ್ಲಿಸಿದ ಸ್ಕೂಟರ್‌ನ ಸೈಲೆನ್ಸರ್ ಮುಟ್ಟಿದರೆ ಕೈ ಸುಡುವುದು ಇದಕ್ಕೇ. ಕೂಳೂರು ಸೇತುವೆಯ ಬಳಿ ಟ್ರಾಫಿಕ್‌ನಲ್ಲಿ ನಿಂತಾಗಲೂ ಎಂಜಿನ್ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ವಿದ್ಯುತ್ ಮೋಟರ್ ಹಾಗಲ್ಲ. ಸಿಕ್ಕ ಶಕ್ತಿಯ ಶೇ. 80ಕ್ಕಿಂತ ಹೆಚ್ಚನ್ನು ಚಕ್ರಕ್ಕೆ ತಲುಪಿಸುತ್ತದೆ, ನಿಂತಾಗ ಮೋಟರ್‌ಗೆ ಕರೆಂಟ್ ಬೇಕಿಲ್ಲ.

ಬ್ಯಾಟರಿ ತಯಾರಿಸುವ ಹೊಗೆಯ ಕಥೆ ಏನು?

ಸಂದೇಶದ ಈ ಭಾಗದಲ್ಲಿ ಸತ್ಯವಿದೆ. ಲಿಥಿಯಂ ಬ್ಯಾಟರಿ ತಯಾರಿಕೆಗೆ ತುಂಬ ಶಕ್ತಿ ಬೇಕು. ಒಂದು ಕಿಲೋವ್ಯಾಟ್-ಅವರ್ ಸಾಮರ್ಥ್ಯದ ಬ್ಯಾಟರಿಗೆ ಸಾಮಾನ್ಯವಾಗಿ 60ರಿಂದ 100 ಕಿಲೋ ಕಾರ್ಬನ್ ಡೈಆಕ್ಸೈಡ್ ಎಂದು ಅಂದಾಜಿಸಲಾಗುತ್ತದೆ. 3 ಕಿಲೋವ್ಯಾಟ್-ಅವರ್‌ನ ಸ್ಕೂಟರ್ ಬ್ಯಾಟರಿಗೆ 180ರಿಂದ 300 ಕಿಲೋ. ಅಂದರೆ ಷೋರೂಮ್‌ನಿಂದ ಹೊರಬರುವಾಗಲೇ ಇವಿಯ ತಲೆಯ ಮೇಲೆ ಒಂದು ಸಾಲ ಇರುತ್ತದೆ.

ಈ ಸಾಲ ಯಾವಾಗ ತೀರುತ್ತದೆ? ಕಿಲೋಮೀಟರ್‌ಗೆ 27 ಗ್ರಾಂ ಉಳಿತಾಯ ಎಂದಾದರೆ 6,700ರಿಂದ 11,000 ಕಿಲೋಮೀಟರ್ ಓಡಿಸಿದ ಮೇಲೆ. ದಿನಕ್ಕೆ 25 ಕಿಲೋಮೀಟರ್ ಓಡಿಸುವ ನಮ್ಮ ಕಾವೂರಿನ ಓದುಗರಿಗೆ ಇದು 9ರಿಂದ 15 ತಿಂಗಳು. ಬರೀ ಕಲ್ಲಿದ್ದಲಿನ ಕರೆಂಟ್ ಎಂದುಕೊಂಡರೂ ಸುಮಾರು ಎರಡು ವರ್ಷದೊಳಗೆ. ಅದರ ನಂತರದ ಪ್ರತಿ ಕಿಲೋಮೀಟರ್ ಉಳಿತಾಯವೇ.

ಆದರೆ ದಿನಕ್ಕೆ 5 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಇದೇ ಸಾಲ ತೀರಲು ಸುಮಾರು 4ರಿಂದ 6 ವರ್ಷ ಬೇಕು. ನಿಮ್ಮ ಹಳೆಯ ಸ್ಕೂಟರ್ ಚೆನ್ನಾಗಿದ್ದು, ಓಡಾಟ ಕಡಿಮೆ ಇದ್ದರೆ, "ಪರಿಸರಕ್ಕಾಗಿ" ಎಂದು ಅವಸರದಲ್ಲಿ ಹೊಸ ಗಾಡಿ ಕೊಳ್ಳುವ ಅಗತ್ಯವಿಲ್ಲ.

ಬ್ಯಾಟರಿಗೆ ಬೇಕಾದ ಲೋಹಗಳ ಗಣಿಗಾರಿಕೆಯಿಂದ ಬೇರೆ ದೇಶಗಳಲ್ಲಿ ನೀರಿಗೆ, ಕಾರ್ಮಿಕರಿಗೆ ತೊಂದರೆ ಆಗುತ್ತಿರುವುದೂ ನಿಜ. ಹಳೆಯ ಬ್ಯಾಟರಿಗಳನ್ನು ಕಸಕ್ಕೆ ಎಸೆಯುವಂತಿಲ್ಲ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದ್ದು. ಗಾಡಿ ಕೊಳ್ಳುವಾಗ ಹಳೆಯ ಬ್ಯಾಟರಿಯನ್ನು ಯಾರು ವಾಪಸ್ ಪಡೆಯುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಹಾಗಾದರೆ ಎಲ್ಲೂರಿನ ಅಂಗಳದ ಪ್ರಶ್ನೆ?

ಕಾರ್ಬನ್ ಡೈಆಕ್ಸೈಡ್ ಎಲ್ಲಿ ಬಿಟ್ಟರೂ ಭೂಮಿಗೆ ಒಂದೇ. ಆದರೆ ಬೂದಿ, ಗಂಧಕದ ಅನಿಲ, ಧೂಳು ಹಾಗಲ್ಲ. ಅವು ಬೀಳುವುದು ಸ್ಥಾವರದ ಪಕ್ಕದ ಊರಿನ ಮೇಲೆ.

ಎಲ್ಲೂರಿನ ಸ್ಥಾವರ ವಿದೇಶದಿಂದ ಬರುವ ಕಲ್ಲಿದ್ದಲನ್ನು ಸುಡುತ್ತದೆ. ಅದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಇಳಿದು ರೈಲಿನಲ್ಲಿ ಹೋಗುತ್ತದೆ. ಹಾರುಬೂದಿಯ ಬಗ್ಗೆ, ತಂಪುಗೊಳಿಸಲು ಬಳಸುವ ಸಮುದ್ರದ ನೀರಿನ ಉಪ್ಪಿನಂಶದಿಂದ ಬೆಳೆಗೆ ಆಗುವ ಹಾನಿಯ ಬಗ್ಗೆ ಸುತ್ತಲಿನ ಕೃಷಿಕರು ವರ್ಷಗಳಿಂದ ದೂರುತ್ತಾ ಬಂದಿದ್ದಾರೆ. ಈ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಪಾವತಿಸುವಂತೆ ಆದೇಶಿಸಿತ್ತು. ಆದ್ದರಿಂದ ಓದುಗರ ಆತಂಕ ಕಾಲ್ಪನಿಕವಲ್ಲ.

ಆದರೆ ಫಾರ್ವರ್ಡ್ ಮರೆಮಾಚುವ ಒಂದು ವಿಷಯವಿದೆ. ಪೆಟ್ರೋಲಿನ ಹೊಗೆಯೂ ಸೈಲೆನ್ಸರ್‌ನಲ್ಲಿ ಶುರುವಾಗುವುದಿಲ್ಲ. ಮಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕಚ್ಚಾತೈಲ ಇಳಿಯುವುದೂ ಇದೇ ಕಡಲತೀರದಲ್ಲಿ, ಅದನ್ನು ಸಂಸ್ಕರಿಸುವ ವರ್ಷಕ್ಕೆ 1.5 ಕೋಟಿ ಟನ್ ಸಾಮರ್ಥ್ಯದ ಎಂಆರ್‌ಪಿಎಲ್ ಇರುವುದೂ ಸುರತ್ಕಲ್ ಸಮೀಪದಲ್ಲೇ. ಸಂಸ್ಕರಣಾಗಾರದ ಕೋಕ್ ಘಟಕದ ಮಾಲಿನ್ಯದ ವಿರುದ್ಧ ಜೋಕಟ್ಟೆಯ ಜನ ದೀರ್ಘಕಾಲ ಹೋರಾಟ ಮಾಡಿದ್ದಾರೆ. ಎಲ್ಲೂರಿನಲ್ಲಿ ಒಂದು ಅಂಗಳ ಇದ್ದರೆ ಜೋಕಟ್ಟೆಯಲ್ಲೂ ಒಂದು ಅಂಗಳ ಇದೆ.

ಓದುಗರ ಸ್ಕೂಟರ್‌ಗೆ ತಿಂಗಳಿಗೆ ಸುಮಾರು 26 ಯೂನಿಟ್ ಬೇಕು. ಅಷ್ಟೂ ಎಲ್ಲೂರಿನಿಂದಲೇ ಬಂತು ಎಂದುಕೊಂಡರೆ ಹೆಚ್ಚೆಂದರೆ 15 ಕಿಲೋದಷ್ಟು ಕಲ್ಲಿದ್ದಲು. ಅದೇ ಓಡಾಟಕ್ಕೆ ಈಗ ಅವರು ಸುಡುತ್ತಿರುವುದು 16ರಿಂದ 17 ಲೀಟರ್ ಪೆಟ್ರೋಲ್, ಅದೂ ಕಾವೂರು ಜಂಕ್ಷನ್‌ನಲ್ಲಿ ಬಸ್ಸಿಗೆ ಕಾಯುವವರ ಮೂಗಿನ ಎತ್ತರದಲ್ಲಿ.

ಇನ್ನೂ ಮುಖ್ಯವಾದದ್ದು ಬೇರೆಯೇ ಇದೆ. ಪೆಟ್ರೋಲ್ ಸ್ಕೂಟರ್ ಇಂದು ಬಿಡುವಷ್ಟೇ ಹೊಗೆಯನ್ನು ಹತ್ತು ವರ್ಷದ ನಂತರವೂ ಬಿಡುತ್ತದೆ. ಅದನ್ನು ಶುದ್ಧ ಮಾಡಲು ದಾರಿಯಿಲ್ಲ. ಇವಿಯ ಹೊಗೆ ಜಾಲದ ಜೊತೆ ಬದಲಾಗುತ್ತದೆ. ಸೋಲಾರ್ ಹೆಚ್ಚಾದ ಹಾಗೆ ಅದೇ ಹಳೆಯ ಸ್ಕೂಟರ್ ಹೆಚ್ಚು ಹೆಚ್ಚು ಶುದ್ಧವಾಗುತ್ತಾ ಹೋಗುತ್ತದೆ. ಎಲ್ಲೂರಿನ ಅಂಗಳ ಉಳಿಯಬೇಕಾದರೆ ಬೇಕಿರುವುದು ಪೆಟ್ರೋಲ್ ಅಲ್ಲ. ಅಲ್ಲಿನ ಸ್ಥಾವರ ನಿಯಮ ಪಾಲಿಸಬೇಕು, ಕಲ್ಲಿದ್ದಲಿನ ಪಾಲು ಇಳಿಯಬೇಕು.

ಶುದ್ಧ ವಿದ್ಯುತ್ತಿಗೂ ಬೆಲೆ ಇದೆ ಎಂಬುದನ್ನು ಮರೆಯಬಾರದು. ಶರಾವತಿ ಅಣೆಕಟ್ಟಿಗಾಗಿ ಊರು ಬಿಟ್ಟವರಿದ್ದಾರೆ. ರಾತ್ರಿಯ ಬೇಡಿಕೆಗೆ ವಿದ್ಯುತ್ ಕೂಡಿಡುವ 2,000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಪಶ್ಚಿಮಘಟ್ಟದ ಕಾಡಿನ ಕಾರಣಕ್ಕೆ ವಿರೋಧವಿದೆ.

ನೀವು ಏನು ಮಾಡಬಹುದು?

1. ಸಾಧ್ಯವಾದಾಗ ಹಗಲು ಚಾರ್ಜ್ ಮಾಡಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಜಾಲದಲ್ಲಿ ಸೌರವಿದ್ಯುತ್ ಹೆಚ್ಚು. ಕೆಲಸದ ಜಾಗದಲ್ಲಿ ಅನುಕೂಲ ಇದ್ದರೆ ಕೇಳಿ, ಇಲ್ಲದಿದ್ದರೆ ರಜೆಯ ದಿನ ಮಧ್ಯಾಹ್ನ ಚಾರ್ಜ್ ಮಾಡಿ. ಸಂಜೆ 6ರಿಂದ 10 ಎಲ್ಲರ ಮನೆಯಲ್ಲೂ ಬೇಡಿಕೆ ಏರುವ ಹೊತ್ತು, ಆಗ ಆದಷ್ಟು ಬೇಡ. ಮಳೆಗಾಲದಲ್ಲಿ ಬಿಸಿಲು ಕಡಿಮೆಯಾದರೂ ಗಾಳಿ ಮತ್ತು ನೀರಿನ ವಿದ್ಯುತ್ ಹೆಚ್ಚು.

2. ಗೃಹಜ್ಯೋತಿಯ ಲೆಕ್ಕ ನೋಡಿಕೊಳ್ಳಿ. ಮನೆಯ ಸಾಮಾನ್ಯ ಮೀಟರ್‌ನಿಂದಲೇ ಸ್ವಂತ ಗಾಡಿ ಚಾರ್ಜ್ ಮಾಡಬಹುದು. ಆದರೆ ಗೃಹಜ್ಯೋತಿಯಲ್ಲಿ ಉಚಿತ ಸಿಗುವುದು ನಿಮಗೆ ನಿಗದಿಯಾದ ಯೂನಿಟ್‌ಗಳಷ್ಟೇ. ಅದನ್ನು ಮೀರಿದರೆ ಹೆಚ್ಚುವರಿಗೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. 180 ಯೂನಿಟ್ ಬಳಸುವ ಮನೆಗೆ 26 ಯೂನಿಟ್ ಸೇರಿದರೆ ಏನಾಗುತ್ತದೆ ಎಂದು ಮೊದಲೇ ನೋಡಿ.

3. ತಾರಸಿ ಅಥವಾ ಹಂಚಿನ ಮಾಡಿಗೆ ಬಿಸಿಲು ಬೀಳುತ್ತಿದ್ದರೆ ಸೋಲಾರ್ ಯೋಚಿಸಿ. ಒಂದು ಕಿಲೋವ್ಯಾಟ್ ಘಟಕ ತಿಂಗಳಿಗೆ ಸರಾಸರಿ 100 ಯೂನಿಟ್‌ನಷ್ಟು ಕೊಡುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದು ಕಡಿಮೆ. ಆದರೂ ಸ್ಕೂಟರ್‌ನ 26 ಯೂನಿಟ್‌ಗೆ ಸಾಕು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಇದೆ.

4. ಬಸ್ಸನ್ನು ಮರೆಯಬೇಡಿ. ಇದನ್ನು ಇವಿ ಜಾಹೀರಾತುಗಳು ಹೇಳುವುದಿಲ್ಲ. ಕೆಳಗಿನ ಅಂದಾಜು ಒಬ್ಬ ವ್ಯಕ್ತಿ ಒಂದು ಕಿಲೋಮೀಟರ್ ಹೋಗಲು ಆಗುವ ಹೊಗೆ:

- 40 ಜನರಿರುವ ಡೀಸೆಲ್ ಸಿಟಿ ಬಸ್: 20 ಗ್ರಾಂ
- ಎಲೆಕ್ಟ್ರಿಕ್ ಸ್ಕೂಟರ್: 33 ಗ್ರಾಂ
- 20 ಜನರಿರುವ ಡೀಸೆಲ್ ಸಿಟಿ ಬಸ್: 40 ಗ್ರಾಂ
- ಪೆಟ್ರೋಲ್ ಸ್ಕೂಟರ್: 60 ಗ್ರಾಂ
- ಒಬ್ಬರೇ ಕುಳಿತ ಎಲೆಕ್ಟ್ರಿಕ್ ಕಾರು: 140 ಗ್ರಾಂ
- ಒಬ್ಬರೇ ಕುಳಿತ ಪೆಟ್ರೋಲ್ ಕಾರು: 185 ಗ್ರಾಂ

ಬಸ್ಸಿಗೆ ಲೀಟರಿಗೆ 4 ಕಿಲೋಮೀಟರ್, ಪೆಟ್ರೋಲ್ ಕಾರಿಗೆ 15 ಕಿಲೋಮೀಟರ್ ಮೈಲೇಜ್ ಎಂದು, ಎಲೆಕ್ಟ್ರಿಕ್ ಕಾರು ಕಿಲೋಮೀಟರ್‌ಗೆ 150 ವ್ಯಾಟ್-ಅವರ್ ಬಳಸುತ್ತದೆ ಎಂದು ಹಿಡಿದಿದ್ದೇವೆ. ನಿಮ್ಮ ವಾಹನದ ಲೆಕ್ಕ ತುಸು ಹೆಚ್ಚುಕಡಿಮೆ ಆಗಬಹುದು. ಆದರೆ ಕಾವೂರಿನಿಂದ ಸ್ಟೇಟ್‌ಬ್ಯಾಂಕ್‌ಗೆ ಹೋಗುವ ತುಂಬಿದ ಬಸ್ಸು, ಡೀಸೆಲ್‌ದೇ ಆದರೂ, ಒಬ್ಬರೇ ಓಡಿಸುವ ಎಲ್ಲ ಇವಿಗಳಿಗಿಂತ ಮುಂದಿದೆ. ಒಬ್ಬರೇ ಕುಳಿತ ಇವಿ ಕಾರು ಪೆಟ್ರೋಲ್ ಸ್ಕೂಟರ್‌ಗಿಂತಲೂ ಹಿಂದಿದೆ.

ನಮ್ಮ ತೀರ್ಮಾನ: ಅರ್ಧ ಸತ್ಯ

ಕರೆಂಟ್‌ಗೆ ಕಲ್ಲಿದ್ದಲು ಸುಡಲಾಗುತ್ತದೆ ಎಂಬುದು ನಿಜ. ಬ್ಯಾಟರಿ ತಯಾರಿಕೆಯಲ್ಲಿ ಹೊಗೆ ಇದೆ ಎಂಬುದು ನಿಜ. ಆದರೆ "ಆದ್ದರಿಂದ ಪೆಟ್ರೋಲೇ ವಾಸಿ" ಎಂಬ ಕೊನೆಯ ಮಾತು ಸುಳ್ಳು.

ನಮ್ಮ ಓದುಗರಿಗೆ ನಾವು ಹೇಳಿದ್ದು ಇಷ್ಟು: ನಿಮ್ಮ ಓಡಾಟಕ್ಕೆ ಇವಿ ಸರಿಹೋಗುತ್ತದೆ, ಟ್ಯೂಷನ್ ಇಲ್ಲದ ದಿನ ಬಸ್ಸು ಇನ್ನೂ ಒಳ್ಳೆಯದು. ಎಲ್ಲೂರಿನ ಬಗೆಗಿನ ಕಾಳಜಿಯನ್ನು ಬಿಡಬೇಡಿ. ಅದನ್ನು ಸ್ಕೂಟರ್ ಮೇಲೆ ಅಲ್ಲ, ಸ್ಥಾವರದ ಮೇಲೆ ಇಡಿ.

ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದರೆ ಕೆಳಗಿನದನ್ನು ಕಾಪಿ ಮಾಡಿ ಕಳಿಸಬಹುದು:

"ಬರೀ ಕಲ್ಲಿದ್ದಲಿನ ಕರೆಂಟ್‌ನಲ್ಲಿ ಓಡಿದರೂ ಎಲೆಕ್ಟ್ರಿಕ್ ಸ್ಕೂಟರ್‌ನ ಹೊಗೆ 45 ಮೈಲೇಜ್‌ನ ಪೆಟ್ರೋಲ್ ಸ್ಕೂಟರ್‌ಗಿಂತ ಕಡಿಮೆ. ಈಗಿನ ಜಾಲದಲ್ಲಿ ಸುಮಾರು ಅರ್ಧ. ಬ್ಯಾಟರಿ ತಯಾರಿಕೆಯ ಹೊಗೆ, ದಿನಕ್ಕೆ 25 ಕಿ.ಮೀ. ಓಡಿಸಿದರೆ ಸುಮಾರು ಒಂದು ವರ್ಷದಲ್ಲಿ ಸರಿಹೋಗುತ್ತದೆ. ಓಡಾಟ ಕಡಿಮೆ ಇದ್ದರೆ ಇರುವ ಗಾಡಿಯೇ ಸಾಕು. ತುಂಬಿದ ಬಸ್ಸು ಎಲ್ಲಕ್ಕಿಂತ ಉತ್ತಮ."